ಟೋಪಿ ತಗಿ ಯವ್ವಾ

ಒಲಿ ಯಾಕ ಆರಿಸಿದಿ? ಯಾರು ಹೇಳಿದ್ರು ನಿನಗ ಒಲಿ ಆರಸು ಅಂತ? ಹಿಟ್ಟು ಪರಾತದಾಗ ಹಂಗೇ ಒಣಗಾಕತ್ತದ, ಎಸರಿನ ನೀರು ತಣ್ಣಗಾಗ್ಯದ, ನೀ ನೋಡಿದ್ರ ಗ್ವಾಡಿಗಿ ಬೆನ್ನ ಹಚ್ಚಿ ಕುಂತಿ. ಅದೂ ಆ ಪ್ಲಾಸ್ಟಿಕ್ ಟೋಪಿ ಹಾಕ್ಕೊಂಡು! ತಗಿ ಯವ್ವಾ ಅದನ್ನ ಮೊದಲ. ಜಗದೇವಿ, ನಜಮುನ್ನೀಸಾ ಕೆಲಸ ಮುಗಿಸಿ ಹೋಗ್ಯಾರ, ಹೋಗುಮುಂದ ತಮ್ಮ ಟೋಪಿ ಮೊಳಿಗಿ ಸಿಗಿಸಿ ಹೋಗ್ಯಾರ. ನಿಂದೊಂದೇ ಇನ್ನಾ ತಲಿ ಮ್ಯಾಲ. ಈ ಸೇಡಂ ಬಿಸಲಿನ್ಯಾಗ ನಿನಗ ಶೆಕಿ ಆಗಲ್ಲೇನು?

ಬ್ಯಾಡ, ಮಾತಾಡಬ್ಯಾಡ. ಛಲೋ ಆತು. ನಿನ್ನೆ ನೀ ಆಡಿದ ಒಂದು ಮಾತಿಗೇ ನನ್ನ ವ್ಯಾಪಾರ ಹಾಳಾಗ್ಯದ. ಹೋತು ಯವ್ವಾ, ಆರ್ಡರ್ ಹೋತು! ಈಗ ಹೊರಗ ನಿಂತು ಫೋನಿನ್ಯಾಗ ಮಾತಾಡಿ ಬಂದೆ ನೋಡು, ಅವರೇ, ಕಾಲೊನಿ ಮೆಸ್ಸಿನ ರಮೇಶಕುಮಾರ ಸಾಹೇಬರು. "ನಿಮ್ಮ ರೊಟ್ಟಿ ನಮಗ ಬ್ಯಾಡ್ರಿ ಮೇಡಂ" ಅಂದ್ರು. ಯಾಕ್ರಿ ಸರ್, ಏನಾತ್ರಿ ಸರ್ ಅಂತ ನಾ ಹಲ್ಲ ಗಿಂಜಿದ್ದೇ ಬಂತು. ಇಟ್ಟುಬಿಟ್ರು.

ಏನು ಹಂಗ ನೋಡ್ತಿ? ಇಷ್ಟೇ ಅಂದ್ರು. ಇಷ್ಟೇ! ಇನ್ನೇನೂ ಅಂದಿಲ್ಲ.

ನಿನಗೇನು ಗೊತ್ತು ಆ ಆರ್ಡರ್ ಅಂದ್ರ ಏನಂತ! ಆದಿತ್ಯನಗರದ ಕಡಿ ಸಿಮೆಂಟ್ ಫ್ಯಾಕ್ಟರಿ ಮೆಸ್ಸು. ಹಗಲ ಪಾಳಿ, ರಾತ್ರಿ ಪಾಳಿ, ಎಲ್ಲಾ ಪಾಳಿ ಮಂದಿ ಉಣ್ಣೋ ಜಾಗ. ದಿನಾ ಗಾಡಿ ತುಂಬ ರೊಟ್ಟಿ, ವರ್ಷ ಪೂರ್ತಿ. ಮದಿವಿ ಸೀಜನ್ ಮುಗೀತು ಅಂತ ಕೈ ಕಟ್ಕೊಂಡು ಕೂಡೋದಿಲ್ಲ, ಮಳಿ ಹಿಡೀತು ಅಂತ ಒಲಿ ತಣ್ಣಗ ಮಾಡೋದಿಲ್ಲ. ಇದೊಂದು ಕೈಗಿ ಬಂದಿದ್ರ ಹಿಂದಿನ ಶೆಡ್ಡೂ ಹಿಡೀತಿದ್ದೆ. ಕಾಳಗಿಯಿಂದ ಇನ್ನಾ ಹೆಣ್ಣಮಕ್ಕಳನ್ನ ಕರಸ್ತಿದ್ದೆ. ಜ್ವಾಳಕ್ಕ ಹೇಳಿ ಇಟ್ಟಿದ್ದೆ, ನಬೀಸಾಬ್ ಆಟೋ ನಿಗದಿ ಮಾಡಿದ್ದೆ, ಜಗದೇವಿ ತನ್ನ ತಂಗಿಗಿ ಬಾ ಅಂತ ಹೇಳಿಬಿಟ್ಟಿದ್ಲು. ಈಗ ಆಕಿಗಿ ಯಾವ ಮಾರಿ ಇಟ್ಕೊಂಡು ಹೇಳ್ಲಿ? ಹೊಸಬರು ಬಿಡು, ಇರೋರನ್ನೇ ಮಳಿಗಾಲದಾಗ ಹೆಂಗ ಇಟ್ಕೊಳ್ಲಿ? ಹೇಳು!

ನಿನ್ನೆ ನಾ ಗಿರಣಿಗಿ ಹೋಗುಮುಂದ ಏನು ಹೇಳಿ ಹೋಗಿದ್ದೆ? ಯವ್ವಾ, ಫೋನ್ ಬಡಕೊಂಡ್ರ ಬಡಕೊಳ್ಲಿ, ನೀ ಎತ್ತಬ್ಯಾಡ. ಹೇಳಿದ್ನೋ ಇಲ್ಲೋ? ಎತ್ತಿದಿ! ಎತ್ತಿ ಏನಂದಿ? ಜೈ... ಇರು, ಬಾಗಲ ಹಾಕ್ತೀನಿ. ಮ್ಯಾಲ ಮಾಲಕರು ಇದ್ದಾರ, ಕೇಳಸ್ತದ.

"ಜೈಭೀಮ್ ರೀ, ಯಾರು?" ಅಂದಿ. ಗಿರಾಕಿಗಿ! ಅಷ್ಟು ದೊಡ್ಡ ಗಿರಾಕಿಗಿ! ಮ್ಯಾಲಿಂದ ನನಗ ಖುಷಿಲೆ ಹೇಳ್ತಿ, "ಅವರು ನಕ್ಕರವ್ವಾ, ಭಾಳ ಛಂದ ಮಾತಾಡಿದ್ರು, ನಾಳಿಗಿ ತಾವೇ ಬರ್ತಾರಂತ" ಅಂತ. ನಕ್ಕರಂತ! ಮಂದಿ ಯಾಕ ನಗ್ತಾರ ಅಂತ ನಿನಗ ತಿಳೀದಿದ್ರ ನನಗ ತಿಳೀತದ.

ಇದೇನು ಹೊಸದಲ್ಲ ನಿಂದು. ಕರೆಂಟ್ ಬಿಲ್ಲಿನವ ಬಂದ್ರ ಜೈಭೀಮ್. ಜ್ವಾಳದ ಅಂಬಾರಾಯ ಶೇಟರಿಗಿ ಜೈಭೀಮ್, ಪಾಪ ಅವರು ನಮಸ್ಕಾರಾ ನಮಸ್ಕಾರಾ ಅನಕೋತ ತಡವರಸ್ತಾರ. ಮೊನ್ನೆ ಫೋನಿನ್ಯಾಗ "ನಿಮ್ಮ ರಿಚಾರ್ಜ್ ಮುಗಿಯುತ್ತಿದೆ" ಅಂತ ರೆಕಾರ್ಡ್ ಮಾಡಿದ ದನಿ ಬಂದ್ರ, ಅದಕ್ಕೂ ಜೈಭೀಮ್! ಯವ್ವಾ ಅದು ಮಶೀನು, ಮನಷ್ಯಾಳಲ್ಲ ಅಂದ್ರ, "ಇರ್ಲಿ ಬಿಡು, ಹೆಣ್ಣಮಗಳ ದನಿ ಅದ, ಸುಮ್ನ ಹೆಂಗ ಇಡ್ಲಿ" ಅಂದಿ. ಆವತ್ತು ನಾನೂ ನಕ್ಕೆ. ನಗಬಾರದಿತ್ತು. ಅಲ್ಲೇ ನಿನ್ನ ಬಾಯಿಗಿ ಬೀಗ ಹಾಕಬೇಕಿತ್ತು.

ಅಪ್ಪ ಕಲಿಸಿದ್ದು ಅಂತಿ. ಖರೆ. ಅಪ್ಪ ಶಹಾಬಾದ ಖಣಿಯಾಗ ಫರಸಿಕಲ್ಲು ಎತ್ತಕೋತ ಹೋಗೋರಿಗಿ ಬರೋರಿಗಿ ಜೈಭೀಮ್ ಅಂತಿದ್ದ. ಯಾರರೆ ಅಂದ್ರ ತಿರುಗಿ ಅನ್ನಬೇಕು ದ್ರೌಪದಿ, ಅನ್ನದಿದ್ರ ಬಾಗಲಕ ಬಂದವರ ಮಾರಿ ಮ್ಯಾಲ ಬಾಗಲ ಹಾಕಿದಂಗ, ಅಂತಿದ್ದ. ಗೊತ್ತದ, ನನಗೂ ಬಾಯಿಪಾಠ ಆಗ್ಯದ. ಆದ್ರ ನಿನ್ನ ಗಂಡ ಧರ್ಮಣ್ಣ ಖಣಿಯಾಗಿದ್ದ ಯವ್ವಾ, ವ್ಯಾಪಾರದಾಗ ಇರಲಿಲ್ಲ! ಕಲ್ಲು ನೀ ಯಾರ ಪೈಕಿ ಅಂತ ಕೇಳಲ್ಲ. ರೊಟ್ಟಿ ತಿನ್ನೋರು ಕೇಳ್ತಾರ.

ಮರತಿಯೇನು ಚಿತ್ತಾಪುರದ ಅಂಗಡಿ? ನಾ ಮರೆತಿಲ್ಲ. ನನ್ನ ಹೆಸರಿಲೇ ಬೋರ್ಡ್ ಬರಸಿದೆ, "ಲುಂಬಿನಿ ಖಡಕ್ ರೊಟ್ಟಿ ಕೇಂದ್ರ". ನೀಲಿ ಬಣ್ಣ ಬೇಕೇ ಬೇಕು ಅಂದಿ, ನೀಲಿ ಹೊಡಸಿದೆ. ಆ ಹೆಣ್ಣಮಗಳು ಬಂದ್ಲು ನೆನಪದ, ಜರಿ ಸೀರಿ ಉಟ್ಟಾಕಿ? ರೊಟ್ಟಿ ಮುರದ್ಲು, ಟಕ್ ಅಂತು. "ಅಯ್ಯ, ಎಷ್ಟು ಛಂದ ಬಡದೀರಿ, ಹಪ್ಪಳ ಅದ ಹಪ್ಪಳ" ಅಂದ್ಲು. ಶೇಂಗಾ ಹಿಂಡಿ ಸೈತ ಕಟ್ಟಸಕೊಂಡ್ಲು. ಹೊರಗ ಹೋಗಿ ಬೋರ್ಡ್ ನೋಡಿದ್ಲು. ಒಳಗ ಗ್ವಾಡಿ ಮ್ಯಾಲಿನ ಬಾಬಾಸಾಹೇಬರ ಫೋಟೋ ನೋಡಿದ್ಲು. ವಾಪಸ್ ಬಂದು ಪ್ಯಾಕೆಟ್ಟು ಬಾಗಲ ಮುಂದಿನ ಪಾವಟಿಗಿ ಮ್ಯಾಲ ಇಟ್ಲು, ನನ್ನ ಕೈಯಾಗ ಸೈತ ಕೊಡಲಿಲ್ಲ. "ಮನ್ಯಾಗ ಕೇಳಿ ಬರ್ತೀನಿ" ಅಂದ್ಲು. ಏನು ಕೇಳ್ತಾಳ ಮನ್ಯಾಗ? ರೊಟ್ಟಿ ತಿನ್ನಾಕ ಕೋರ್ಟಿನ ಪರವಾನಗಿ ಬೇಕೇನು?

ಆಕಿ ಒಬ್ಬಾಕಿ ಹೋದ್ಲು, ಓಣಿನೇ ಹೋತು. ನಾವು ಆ ರೊಟ್ಟಿ ನೀರಾಗ ನೆನಸಿ ನೆನಸಿ ಉಂಡಿವಿ. ಯಾರ ಹೊಲದ ಜ್ವಾಳ ಯವ್ವಾ ಅದು? ಅವರ ಹೊಲದ್ದೇ! ನೀನೇ ಕೊಯ್ದಿದ್ದಿ, ನೀನೇ ರಾಶಿ ಮಾಡಿದ್ದಿ. ಜ್ವಾಳ ಇರೋ ತನಕ ನಮ್ಮ ಕೈ ನಡೀತದ, ರೊಟ್ಟಿ ಆದ ಕೂಡ್ಲೇ ಮೈಲಿಗಿ! ಈ ಸಿಟ್ಟು ನಂದು ಇನ್ನಾ ಆರಿಲ್ಲ. ನಿಂದು ಹೆಂಗ ಆರ್ತೋ ಗೊತ್ತಿಲ್ಲ. ಮರುದಿನ ಆಕಿ ಬಸ್‌ಸ್ಟ್ಯಾಂಡಿನ್ಯಾಗ ಸಿಕ್ರ ನೀ ಆಕಿಗೂ ಜೈಭೀಮ್ ಅಂದಿ!

ವಾಡಿ ಸ್ಟೇಶನ್ನಿನ್ಯಾಗ ನನಗ ಬುದ್ಧಿ ಬಂತು. ಚಾದ ಅಂಗಡಿಗಿ ಹಾಕಿದಿವಿ, ಬೋರ್ಡಿಲ್ಲ, ಹೆಸರಿಲ್ಲ, ಬರೇ ಪ್ಲಾಸ್ಟಿಕ್ ಚೀಲ. ಹೊಡಕೊಂಡು ಹೋತು ಮಾಲು! ರೈಲಿನ ಮಂದಿಗಿ ಜಾತಿ ಕೇಳಾಕ ಪುರಸೊತ್ತೆಲ್ಲಿ, ಗಾಡಿ ಬಿಡ್ತದಲ್ಲ. ಅಲ್ಲೇ ನಾ ತಿಳಕೊಂಡೆ. ವ್ಯಾಪಾರದ ತರಬೇತಿಗಿ ಹೋದಾಗ ಅಲ್ಲಿನ ಸರ್ ಅದನ್ನೇ ಹೇಳಿದ್ರು. ಗಿರಾಕಿ ಏನು ನೋಡಬೇಕಂತಾನ ಅದನ್ನೇ ತೋರಸ್ರಿ, ಅದಕ್ಕೇ ಬ್ರ್ಯಾಂಡ್ ಅಂತಾರ, ಅಂದ್ರು. ತೋರಿಸಿದೆ. "ಶ್ರೀ ಜಗದಂಬಾ ಕೈರೊಟ್ಟಿ". ಪ್ಯಾಕೆಟ್ಟಿನ ಮ್ಯಾಲ ಮೂಗುತಿ, ಹಸರು ಬಳಿ, ಹಣಿ ತುಂಬ ಕುಂಕುಮ ಇದ್ದಾಕಿ ರೊಟ್ಟಿ ಬಡಿಯೋ ಚಿತ್ರ. ನೀ ನೋಡಿ ಏನಂದಿ? "ಈಕಿ ಯಾರವ್ವಾ? ಹಿಂಗ ಬಡದ್ರ ರೊಟ್ಟಿ ಹರೀತದ" ಅಂದಿ. ಹರೀಲಿ! ಆಕಿ ಬಡಿಯೋದು ಬ್ಯಾಡ, ಆಕಿ ಮಾರಿದ್ರ ಸಾಕು. ಮಾರಿದ್ಲು. ಚಿಂಚೋಳಿ ತನಕ ಮಾರಿದ್ಲು. ಹೈದರಾಬಾದ ಬಸ್ಸಿಗಿ ಹೋಗ್ತಾವ ನಮ್ಮ ಪ್ಯಾಕೆಟ್ಟು.

ನಾ ಇಲ್ಲಿ ಪೂನಮ್. ಹೌದು, ಪೂನಮ್ ಮೇಡಂ. ಲುಂಬಿನಿ ಅಂತ ಹೆಸರು ಹೇಳಿದ್ರ ಬಾಯಿ ತೆರಿಯೂದ್ರಾಗೇ ಮುಗೀತು ಕತಿ. ಈ ಶೆಡ್ಡು ಬಾಡಿಗಿ ಹಿಡಿಯೂ ಮುಂದ ಶಿವರಾಯ ಮಾಲಕರು ಕೇಳಿದ್ರು, "ನೀವು ಯಾರ ಪೈಕಿ ತಂಗೀ?" ನಾ ಏನಂದೆ? "ನಾವು ಚಿತ್ತಾಪುರ ಕಡೇರ್ರಿ ಕಾಕಾ" ಅಂದೆ. ಸುಳ್ಳೇನಲ್ಲ! ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ. ಫೋಟೋ ಒಳಗ ಹಿಟ್ಟಿನ ಚೀಲದ ಹಿಂದ ಇಟ್ಟೆ, ತಗದು ಒಗದಿಲ್ಲ. ದಿನಾ ಮುಂಜಾನಿ ಬಾಬಾಸಾಹೇಬರ ಕನ್ನಡಕದ ಮ್ಯಾಲಿನ ಹಿಟ್ಟು ಸೆರಗಿಲೆ ಒರಸ್ತಿ, ನಾ ನೋಡೀನಿ. ಒರಸು. ಒಳಗೇ ಒರಸು ಅಂದೀನಿ ಇಷ್ಟೇ. ಈ ಒಲಿ, ಈ ಪ್ಯಾಕಿಂಗ್ ಮಶೀನು, ಆ ಹೆಣ್ಣಮಕ್ಕಳ ಮನ್ಯಾಗ ಎರಡ ಹೊತ್ತಿನ ಊಟ, ಎಲ್ಲಾ ಆ ಚೀಲದ ಮರಿಲೇ ನಿಂತದ ಯವ್ವಾ! ಅದನ್ನ ನೀ ಒಂದು ಜೈಭೀಮಿಲೇ ಕೆಡವಿದಿ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತ ನೀನೇ ಹೇಳ್ತಿದ್ದಿ ನನಗ, ಸಣ್ಣಾಕಿದ್ದಾಗ!

...

ಏನು? ಯಾಕ ಎದ್ದಿ? ನೀರು ಬೇಕೇನು? ತಂಬಗಿ ಇಲ್ಲೇ ಅದಲ್ಲ, ಇಕಾ ಕುಡಿ. ಬ್ಯಾಡ? ಮತ್ತ ಅಲ್ಲಿ ಯಾಕ ಕುಂದ್ರಾಕ ಹೋದಿ? ಆ ಗೋಣಿತಟ್ಟು ಕೆಲಸದವರದು ಯವ್ವಾ, ನಿಂದು ಕೂಡೋ ಮಣಿ ಇಲ್ಲಿ ಅದ. ಇಲ್ಲಿ ಬಾ. ಈಗ ಏನು, ನನ್ನ ಅಣಕ ಮಾಡ್ತಿಯೇನು?

ಟೋಪಿ ತಗಿ ಅಂದೆ.

ಮುಂಜಾನಿದು ಮನಸ್ಸಿನ್ಯಾಗ ಇಟ್ಕೊಂಡಿಯೇನು? ಹೌದು, ನಾನೇ ಹಾಕಿಸಿದೆ ಆ ಟೋಪಿ. ಗಿರಾಕಿ ಬರ್ತಾರ, ಸ್ವಚ್ಛ ಕಾಣ್ಲಿ ಅಂತ ಹಾಕಿಸಿದೆ. ಮೆಸ್ಸಿನವರು ಕೂದಲ ನೋಡ್ತಾರ, ಉಗುರು ನೋಡ್ತಾರ. ಹಿಂದಿನ ಒಲಿ ಮುಂದ ಕುಂದ್ರು ಅಂದೆ, ಹೌದು. ಯಾರರೆ ಬಂದ್ರ ಮಾತಾಡಬ್ಯಾಡ ಅಂದೆ. ಮತ್ತೇನು ಮಾಡ್ಲಿ? ಯಾವ ದೊಡ್ಡ ಸಾಹೇಬ ತಾನೇ ಕಾರ್ ಹೊಡಕೊಂಡು ಶೆಡ್ಡಿಗಿ ಬರ್ತಾನ, ನೀನೇ ಹೇಳು! ಸ್ಯಾಂಪಲ್ ಕಳಸ್ರಿ ಅಂತಾರ. ಇವರು ತಾವೇ ಬರ್ತೀನಿ ಅಂದ್ರು. ಫೋನಿನ್ಯಾಗ ಆ ಮಾತು ಕೇಳಿ ಪರೀಕ್ಷೆ ಮಾಡಾಕ ಬರಾಕತ್ತಾರ ಅಂತ ನಾ ರಾತ್ರಿಯೆಲ್ಲಾ ಮಗ್ಗಲ ಬದಲಿಸಿದೆ. ರಮೇಶಕುಮಾರ! ಆ ಹೆಸರಿನ್ಯಾಗ ಏನು ತಿಳೀತದ? ಯಾರೂ ಆಗಬಹುದು!

ಬಂದ್ರು. ನೋಡಿದ್ರು. ರೊಟ್ಟಿ ತಿಂದ್ರು. ಹೋದ್ರು. ಮುಗೀತು! ನಾ ಎಷ್ಟು ಛಲೋ ಮಾತಾಡಿದೆ ಅವರ ಸಂಗಟ. ಮಶೀನು ತೋರಿಸಿದೆ, ಪ್ಯಾಕೆಟ್ಟು ತೋರಿಸಿದೆ. ಅವರು ಕೇಳಿದ್ಕ ಏನೋ ಹೇಳಿದೆ, ಅವರು ಏನೋ ಅಂದ್ರು... ವ್ಯಾಪಾರದ ಮಾತು. ನಿನಗ ಏನು ಕೇಳಸಿರ್ತದ, ನೀ ಒಲಿ ಮುಂದಿದ್ದಿ, ರೊಟ್ಟಿ ಬಡಿಯೋ ಸಪ್ಪಳದಾಗ...

ಕೇಳಸಿಲ್ಲ ಅಲ್ಲ?

ಯವ್ವಾ, ಕೇಳಸಿಲ್ಲ ಅಲ್ಲ?

ಜಗದೇವಿಗೇನರೆ ಕೇಳಿಸಿತ್ತೇನು? ಆಕಿ ಯಾಕ ಹಂಗ ಮಾರಿ ಕೆಳಗ ಹಾಕ್ಕೊಂಡು ಹೋದ್ಲು ಇವತ್ತು? ದಿನಾ ನಿನ್ನ ತಾಟಿನ್ಯಾಗೇ ಉಣ್ಣಾಕಿ. ಇವತ್ತು ಬುತ್ತಿ ಬಿಚ್ಚಲಿಲ್ಲ. ನಿನ್ನ ಕೈ ಹಿಡಕೊಂಡು ಒಂದು ಗಳಿಗಿ ಕುಂತು ಎದ್ದು ಹೋದ್ಲು, ನನಗ ಬರ್ತೀನಿ ಅಕ್ಕಾ ಅಂತ ಸೈತ ಅನ್ನಲಿಲ್ಲ. ಏನಂತ ತಿಳಕೊಂಡಾರ ಎಲ್ಲರೂ? ನಾ ಏನು ಕಳವು ಮಾಡೀನೇನು? ಕೊಲಿ ಮಾಡೀನೇನು? ಇಷ್ಟು ವರ್ಷ ಈ ಬಂಡಿ ಎಳದಾಕಿ ನಾನು! ಬೈಗುಳ ತಿಂದಾಕಿ ನಾನು, ಪಾವಟಿಗಿ ಮ್ಯಾಲಿಂದ ಪ್ಯಾಕೆಟ್ಟು ಎತ್ತಿದಾಕಿ ನಾನು!

ಹಂಗ ನೋಡಬ್ಯಾಡ.

ಬೈಯ್ ಬೇಕಾದ್ರ. ಮನಸಿದ್ರ ಕಪಾಳಕ್ಕ ಹೊಡಿ. ಆ ಲಟ್ಟಣಗಿ ತಗೊಂಡು ಬೆನ್ನಿಗಿ ಹಾಕು, ಸಣ್ಣಾಕಿದ್ದಾಗ ಹಾಕ್ತಿದ್ದಿಲ್ಲ? ಇದೇನಿದು ಹಿಂಗ... ಕೂಲಿಯಾಕಿ ಮಾಲಕಿ ಮುಂದ ಕುಂತಂಗ ಕುಂತರ ನಾ ಏನ್ ಮಾಡ್ಲಿ?

...

ಹೌದು. ಅಂದೆ.

ಸಪ್ಪಳ ಕೇಳಿ ಸೀದಾ ನಿನ್ನ ಒಲಿ ಬಲ್ಲಿಗೇ ಬಂದ್ರು ಅವರು. ಬೂಟು ಹೊರಗ ಬಿಟ್ಟು ಬಂದ್ರು. ನಿನ್ನ ಕೈ ನೋಡಕೋತ ನಿಂತು ನನಗ ಕೇಳಿದ್ರು, "ಈ ಅವ್ವ ನಿಮ್ಮ ಅವ್ವ ಏನ್ರಿ ಮೇಡಂ? ನಿನ್ನೆ ಫೋನ್ ಎತ್ತಿದವರು ಇವರೇ ಏನ್ರಿ?" ನನಗ ಚಿತ್ತಾಪುರದ ಪಾವಟಿಗಿ ಕಣ್ಣ ಮುಂದ ಬಂತು ಯವ್ವಾ. ಖರೆ ಹೇಳ್ತೀನಿ, ಅದೇ ಬಂತು. ನಾ ಅಂದೆ... "ಅಯ್ಯ ಇಲ್ರಿ ಸರ್, ಈಕಿ ಕೆಲಸದಾಕಿ. ಫೋನ್ ಎತ್ತಬ್ಯಾಡ ಅಂದ್ರೂ ಎತ್ತತಾಳ. ಆ ಮಂದಿ ಚಾಳಿನೇ ಹಂಗ್ರಿ, ಮನಸಿಗಿ ಹಚ್ಕೋಬ್ಯಾಡ್ರಿ."

ಆ ಮಂದಿ ಅಂದೆ.

ನಿನ್ನ ಕೈಯಾಗ ರೊಟ್ಟಿ ಹರೀತು. ನಾ ನೋಡಿದೆ. ನನಗ ತಿಳಿವಳಿಕಿ ಬಂದಾಗಿಂದ ನಿನ್ನ ಕೈಯಾಗ ರೊಟ್ಟಿ ಹರದದ್ದು ನೋಡಿಲ್ಲ ನಾನು.

ಅವರು ಕೆಳಗ ಕುಂತು, ನೀ ಕೊಟ್ಟ ಬಿಸಿ ರೊಟ್ಟಿ ಅಂಗೈಯಾಗ ಹಿಡಕೊಂಡು ಪುಂಡಿಪಲ್ಯಾ ಹಚ್ಚಿ ಪೂರಾ ತಿಂದ್ರು. ಎದ್ರು. ನಿನಗ ಎರಡೂ ಕೈ ಮುಗದು ಅಂದ್ರು, "ಜೈಭೀಮ್ ಯವ್ವಾ."

ಮತ್ತ ನೀ...

ನೀ ತಲಿ ಎತ್ತಲಿಲ್ಲ. ಮುಂದಿನ ಹಿಟ್ಟಿನ ಉಂಡಿ ತಗೊಂಡು ಬಡಿಯಾಕ ಹತ್ತಿದಿ. ಕೇಳಿಸಿತ್ತು ನಿನಗ. ಕೇಳಿಸಿತ್ತು ಯವ್ವಾ! ತಿರುಗಿ ಅಂದಿದ್ರ ನನ್ನ ಸುಳ್ಳು ಅಲ್ಲೇ ಬಿಚ್ಚತಿತ್ತು ಅಂತ... ನನ್ನ ಸುಳ್ಳು ಕಾಯಾಕ ನೀ ಅಪ್ಪನ ಮಾತು ನುಂಗಿದಿ.

ಈಗ ಫೋನಿನ್ಯಾಗ ಅವರು ಇಷ್ಟೇ ಅಂದಿಲ್ಲ. ಸುಳ್ಳು ಹೇಳಿದೆ. "ರೊಟ್ಟಿ ಭಾಳ ಛಲೋ ಇದ್ದವ್ರಿ ಮೇಡಂ" ಅಂದ್ರು. "ನಮ್ಮದು ಐನಾಪುರ. ನಮ್ಮ ಅವ್ವನೂ ಹಿಂಗೇ ಬಡಿತಿದ್ಲು, ಫೋನ್ ಎತ್ತಿದ್ರ ಹಿಂಗೇ ಅಂತಿದ್ಲು. ಆಕಿ ಹೋದ ಮ್ಯಾಲ ನಿನ್ನೆನೇ ಆ ದನಿ ಕೇಳಿದ್ದು, ಅದಕ್ಕ ಓಡಿ ಬಂದೆ. ಆರ್ಡರ್ ನಿಮಗೇ ಅಂತ ಮಾಡಕೊಂಡೇ ಬಂದಿದ್ದೆ" ಅಂದ್ರು. ಆಮ್ಯಾಲ "ಬ್ಯಾಡ್ರಿ" ಅಂದ್ರು. ಇಡೋ ಮುಂದ ಒಂದು ಮಾತು ಹೇಳಿದ್ರು. "ಅವ್ವಗ ನನ್ನ ಜೈಭೀಮ್ ಹೇಳ್ರಿ. ಮುಂಜಾನಿ ಅವರಿಗಿ ಕೇಳಸಿಲ್ಲ ಕಾಣ್ತದ."

ಇಷ್ಟು. ಇನ್ನ ನನ್ನ ಬಲ್ಲಿ ಮುಚ್ಚಿಡಾಕ ಏನೂ ಇಲ್ಲ.

ಟೋಪಿ ತಗಿ ಯವ್ವಾ. ನಾನೇ ತಗೀಲೇನು? ಕೈ ಯಾಕ ಅಡ್ಡ ಹಿಡೀತಿ... ಆತು, ಮುಟ್ಟಲ್ಲ. ಮುಟ್ಟಲ್ಲ.

ಇರು. ಬಾಗಲ ತೆರೀತೀನಿ. ಕೇಳ್ಲಿ ಶಿವರಾಯ ಮಾಲಕರು, ಕೇಳ್ಲಿ ಓಣಿ ಮಂದಿ.

ಜೈಭೀಮ್ ಯವ್ವಾ! ಇದು ಅವರದು, ಮುಟ್ಟಿಸಿದೆ.

...

ಜೈಭೀಮ್ ಯವ್ವಾ. ಇದು ನಂದು. ನಿನ್ನ ಮಗಳು ಲುಂಬಿನಿದು.

...

ಯವ್ವಾ?

...

ರೆಕಾರ್ಡ್ ಮಾಡಿದ ದನಿಗಿ ಸೈತ ಅಂತಿದ್ದಿಯಲ್ಲ ಯವ್ವಾ.